ಐವತ್ತು ಗೋಲ್ಡ್ ಇಟ್ಟುಕೊಂಡೇ ಸೋತವಳ ಟೀಮ್‌ಫೈಟ್ ಟ್ಯಾಕ್ಟಿಕ್ಸ್ ವಿಮರ್ಶೆ

ನಾನು ಕೆಲಸ ಮಾಡುವುದು ಲೆಕ್ಕಪತ್ರ ವಿಭಾಗದಲ್ಲಿ. ಇಡೀ ದಿನ ಜಮೆ, ಖರ್ಚು, ಬಾಕಿ. ಮಗ ನನ್ನ ಫೋನಿಗೆ ಈ ಆಟ ಹಾಕಿಕೊಟ್ಟು, "ಅಮ್ಮ, ಇದರಲ್ಲಿ ಬಡ್ಡಿ ಸಿಗುತ್ತೆ" ಅಂದ. ಕಿವಿ ನೆಟ್ಟಗಾಯಿತು. ಕತ್ತಿ, ಮಂತ್ರ, ಡ್ರ್ಯಾಗನ್ ಯಾವುದೂ ಅಲ್ಲಿಯವರೆಗೆ ನನ್ನನ್ನು ಎಳೆದಿರಲಿಲ್ಲ. ಬಡ್ಡಿ ಎಳೆಯಿತು.

ಆಮೇಲಿನ ಎರಡು ವಾರ ಆ ಬಡ್ಡಿಯೇ ನನ್ನನ್ನು ಮುಳುಗಿಸಿತು. ಈ ವಿಮರ್ಶೆ ಹೆಚ್ಚಿನ ಪಾಲು ಅದರ ಕಥೆಯೇ.

ಆಟ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಟೀಮ್‌ಫೈಟ್ ಟ್ಯಾಕ್ಟಿಕ್ಸ್ ಒಂದು ಆಟೋ ಬ್ಯಾಟ್ಲರ್. ರಯಟ್ ಗೇಮ್ಸ್ ಇದನ್ನು 2019ರ ಜೂನ್‌ನಲ್ಲಿ ಕಂಪ್ಯೂಟರಿಗೂ, 2020ರ ಮಾರ್ಚ್‌ನಲ್ಲಿ ಫೋನಿಗೂ ತಂದಿತು. ಎಂಟು ಜನ ಆಟಗಾರರು, ಒಬ್ಬೊಬ್ಬರಿಗೂ 100 ಹೆಲ್ತ್. ಅಂಗಡಿಯಲ್ಲಿ ಪ್ರತಿ ಸಲ ಐದು ಹೀರೋಗಳು ಬರುತ್ತಾರೆ, ಬೆಲೆ 1ರಿಂದ 5 ಗೋಲ್ಡ್. ಕೊಂಡು ಬೋರ್ಡಿನ ಮೇಲೆ ನಿಲ್ಲಿಸಬೇಕು. ಕಾದಾಟ ತಾನಾಗಿಯೇ ನಡೆಯುತ್ತದೆ, ನಾವು ನೋಡುತ್ತಾ ಕೂರಬೇಕು ಅಷ್ಟೆ. ಒಂದೇ ಹೀರೋ ಮೂರು ಸಿಕ್ಕರೆ ಸೇರಿ ಎರಡು ಸ್ಟಾರ್ ಆಗುತ್ತಾನೆ, ಒಂಬತ್ತು ಸಿಕ್ಕರೆ ಮೂರು ಸ್ಟಾರ್. ಸೋತಾಗಲೆಲ್ಲ ಹೆಲ್ತ್ ಇಳಿಯುತ್ತದೆ. ಹೆಲ್ತ್ ಮುಗಿದವರು ಹೊರಗೆ. ಕೊನೆಗೆ ಉಳಿದವರು ಗೆದ್ದರು. ಮೊದಲ ನಾಲ್ಕು ಸ್ಥಾನದೊಳಗೆ ಬಂದರೂ ರ‍್ಯಾಂಕ್ ಅಂಕ ಏರುತ್ತದೆ.

ಇನ್ನು ದುಡ್ಡಿನ ವಿಷಯ. ಮೊದಲ ಕೆಲವು ರೌಂಡ್ ಬಿಟ್ಟರೆ ಪ್ರತಿ ರೌಂಡಿಗೆ 5 ಗೋಲ್ಡ್ ಸಂಬಳ. ಕೈಯಲ್ಲಿ ಇರುವ ಪ್ರತಿ 10 ಗೋಲ್ಡಿಗೆ 1 ಗೋಲ್ಡ್ ಬಡ್ಡಿ, ಜಾಸ್ತಿ ಅಂದರೆ 5. ಅಂದರೆ 50 ಇದ್ದರೆ ಪೂರ್ತಿ ಬಡ್ಡಿ, 90 ಇದ್ದರೂ ಅಷ್ಟೇ. ಇನ್ನೊಬ್ಬ ಆಟಗಾರನನ್ನು ಸೋಲಿಸಿದರೆ 1 ಗೋಲ್ಡ್. ಸಾಲಾಗಿ ಗೆದ್ದರೆ ಸ್ಟ್ರೀಕ್ ಗೋಲ್ಡ್. ಸಾಲಾಗಿ ಸೋತರೂ ಸ್ಟ್ರೀಕ್ ಗೋಲ್ಡ್! ಖರ್ಚಿನ ಕಡೆ: ಅಂಗಡಿ ಹೊಸದು ಮಾಡಲು, ಅಂದರೆ ರೋಲ್ ಮಾಡಲು 2 ಗೋಲ್ಡ್. 4 ಗೋಲ್ಡ್ ಕೊಟ್ಟರೆ 4 ಎಕ್ಸ್‌ಪಿ. ಎಕ್ಸ್‌ಪಿ ತುಂಬಿದರೆ ಲೆವೆಲ್ ಏರುತ್ತದೆ, ಬೋರ್ಡಿನಲ್ಲಿ ಇನ್ನೊಬ್ಬನಿಗೆ ಜಾಗ ಆಗುತ್ತದೆ, ದುಬಾರಿ ಹೀರೋಗಳು ಅಂಗಡಿಗೆ ಬರುವ ಸಂಭವವೂ ಹೆಚ್ಚುತ್ತದೆ.

ಈ ಹತ್ತಕ್ಕೊಂದು ಬಡ್ಡಿಯ ಪದ್ಧತಿ ರಯಟ್‌ನವರ ಸ್ವಂತದ್ದೇನಲ್ಲ. 2019ರ ಜನವರಿಯಲ್ಲಿ ಡ್ರೋಡೋ ಸ್ಟುಡಿಯೋದ ಹುಡುಗರು ಡೋಟಾ 2 ಅನ್ನುವ ಆಟದೊಳಗೆ ಮಾಡಿದ ಆಟೋ ಚೆಸ್‌ನಲ್ಲೇ ಅದು ಇತ್ತು. ಯಾರು ಕಂಡುಹಿಡಿದರೋ, ನನ್ನಂಥವರ ಮನಸ್ಸು ಓದಿ ಮಾಡಿದಂತಿದೆ.

ಶುರುವಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಯಾರದ್ದು ಅಂತ ಬೇಡ. "ಐವತ್ತು ಮುಟ್ಟುವವರೆಗೆ ಕೈ ಕಟ್ಟಿಕೊಂಡು ಕೂತಿರಿ, ಐವತ್ತರ ಕೆಳಗೆ ಯಾವತ್ತೂ ಇಳಿಯಬೇಡಿ" ಅಂತ ಅದರಲ್ಲಿ ಹೇಳಿದ್ದರು. ನನಗೆ ಇದಕ್ಕಿಂತ ಇಷ್ಟದ ಮಾತು ಬೇರೆ ಇಲ್ಲ. ಹಾಗೇ ಮಾಡಿದೆ. ಸ್ಟೇಜ್ 2ರಲ್ಲಿ, ಅಂದರೆ ಆಟದ ಎರಡನೇ ಹಂತದಲ್ಲಿ (ಒಂದೊಂದು ಹಂತಕ್ಕೆ ಹಲವು ರೌಂಡ್), ಒಂದು ಸ್ಟಾರ್ ಹೀರೋಗಳನ್ನೇ ನಿಲ್ಲಿಸಿಕೊಂಡು ಒಂದು ರೌಂಡ್ ಸೋತೆ, ಒಂದು ಗೆದ್ದೆ, ಮತ್ತೆ ಸೋತೆ. ಸ್ಟೇಜ್ 3ರಲ್ಲಿ 50 ಮುಟ್ಟಿತು. ಆಹಾ! ಸ್ಟೇಜ್ 4ರಲ್ಲಿ ಎದುರಿನವರ ಬೋರ್ಡ್ ತುಂಬಾ ಎರಡು ಸ್ಟಾರ್, ಮೈತುಂಬಾ ಐಟಂ, ಅಂದರೆ ಬಲ ಹೆಚ್ಚಿಸುವ ಆಯುಧ, ಕವಚ. ಒಂದೊಂದು ಸೋಲಿಗೆ ಹತ್ತು, ಹನ್ನೆರಡು ಹೆಲ್ತ್ ಹೋಗತೊಡಗಿತು. ನಾನು ಮಾತ್ರ 54, 58 ಅಂತ ಎಣಿಸುತ್ತಿದ್ದೆ. ಹೊರಬಿದ್ದಾಗ ಏಳನೇ ಸ್ಥಾನ. ಖಾತೆಯಲ್ಲಿ 52 ಗೋಲ್ಡ್.

ಪಕ್ಕದಲ್ಲಿ ಕೂತಿದ್ದ ಮಗ ಪರದೆ ನೋಡಿ, "ಅಮ್ಮ, ಬಡ್ಡಿ ತಿನ್ನೋಕೆ ಬದುಕಿರಬೇಕಲ್ವಾ?" ಅಂದ.

ಮುಂದಿನ ಆಟದಲ್ಲಿ ಸ್ವಲ್ಪ ಬುದ್ಧಿ ಬಂದು, 20 ಹೆಲ್ತಿಗೆ ಇಳಿದ ಮೇಲೆ ಎಲ್ಲ ಗೋಲ್ಡ್ ಸುರಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಯಿತು. ಬೋರ್ಡ್ ಚೆನ್ನಾಗೇ ಆಯಿತು. ಆದರೆ ಎರಡು ಸಲ ಎಡವಿದರೆ ಕಥೆ ಮುಗಿಯುವ ಜಾಗದಲ್ಲಿ ನಿಂತಿದ್ದೆ. ಎರಡು ಸಲ ಎಡವಿದೆ.

ಆಮೇಲೆ ಸಿಟ್ಟಿನಲ್ಲಿ ಉಲ್ಟಾ ಹೊಡೆದೆ. ಮಗ ಆಡುವ ಹಾಗೆ. ಬಂದದ್ದೆಲ್ಲ ಖರ್ಚು, ಪ್ರತಿ ರೌಂಡ್ ರೋಲ್, ಸ್ಟೇಜ್ 2ರಲ್ಲಿ ಎಲ್ಲರನ್ನೂ ಬಡಿದೆ. 3-5ರವರೆಗೆ, ಅಂದರೆ ಸ್ಟೇಜ್ 3ರ ಐದನೇ ರೌಂಡಿನವರೆಗೆ, ನಾನೇ ಮೊದಲು. ಆಮೇಲೆ ಉಳಿದವರು ತಮ್ಮ ಗಂಟು ಬಿಚ್ಚಿದರು. ನನ್ನ ಹತ್ತಿರ 7 ಗೋಲ್ಡ್, ಅವರ ಹತ್ತಿರ 4 ಗೋಲ್ಡಿನ ಹೀರೋಗಳು ಎರಡು ಸ್ಟಾರ್. ಒಂದು ಗೋಲ್ಡಿನ ನನ್ನ ವೀರರು ಎರಡು ಸೆಕೆಂಡಿನಲ್ಲಿ ಕರಗಿ ಹೋದರು. ಐದನೇ ಸ್ಥಾನ.

ಆಗ ನಾನು ಮಾಡಿದ ಕೆಲಸ ನನ್ನ ವೃತ್ತಿಗೆ ತಕ್ಕದ್ದು. ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ.

ಸ್ಟೇಜ್ 3ರಲ್ಲಿ ನನ್ನ ಹತ್ತಿರ 50 ಇದೆ ಅಂತಿಟ್ಟುಕೊಳ್ಳಿ. ಅದರಲ್ಲಿ 30 ಖರ್ಚು ಮಾಡುತ್ತೇನೆ. ಹತ್ತು ಸಲ ರೋಲ್, ಅಂದರೆ 50 ಹೀರೋಗಳನ್ನು ನೋಡಿದಂತಾಯಿತು. ಉಳಿದ ಹತ್ತರಲ್ಲಿ ಬೇಕಾದವರ ಖರೀದಿ. ಕೈಯಲ್ಲಿ 20 ಉಳಿಯಿತು. ಗೆಲುವಿನ ಗೋಲ್ಡ್, ಸ್ಟ್ರೀಕ್ ಎಲ್ಲ ಬಿಟ್ಟುಬಿಡಿ. ಬರೀ ಸಂಬಳ ಮತ್ತು ಬಡ್ಡಿ ಮಾತ್ರ. ಮುಂದಿನ ರೌಂಡಿಗೆ 27. ಆಮೇಲೆ 34. ಆಮೇಲೆ 42. ಆಮೇಲೆ 51. ನಾಲ್ಕೇ ರೌಂಡಿನಲ್ಲಿ ಮತ್ತೆ ಐವತ್ತು! ಈ ನಡುವೆ ಕಳೆದುಕೊಂಡ ಬಡ್ಡಿ ಎಷ್ಟು? ಮೊದಲ ಎರಡು ರೌಂಡ್ ಮೂರು ಮೂರು, ಆಮೇಲೆ ಎರಡು, ಆಮೇಲೆ ಒಂದು. ಒಟ್ಟು 9 ಗೋಲ್ಡ್.

ಒಂಬತ್ತು. ನಾಲ್ಕೂವರೆ ರೋಲಿನ ದುಡ್ಡು. ಇದಕ್ಕಾಗಿ ನಾನು ಎರಡು ವಾರ ಹೆದರಿಕೊಂಡು ಕೂತಿದ್ದೆ.

ಇನ್ನೊಂದು ಕಡೆಯ ಲೆಕ್ಕ ನೋಡಿ. ಸ್ಟೇಜ್ 3ರಲ್ಲಿ ಒಂದು ಸೋಲಿಗೆ ನನಗೆ ಆರೇಳು ಹೆಲ್ತ್ ಹೋಗುತ್ತಿತ್ತು. ನಾಲ್ಕು ರೌಂಡ್ ಸೋತರೆ ಸುಮಾರು 25. ಕಾಲು ಜೀವ! ಅಂದರೆ 9 ಗೋಲ್ಡ್ ಉಳಿಸಲು 25 ಹೆಲ್ತ್ ಕೊಡುತ್ತಿದ್ದೆ. ಆಫೀಸಿನಲ್ಲಿ ಯಾರಾದರೂ ಇಂಥ ವ್ಯವಹಾರ ತಂದಿದ್ದರೆ ಕಡತವನ್ನು ಮುಖಕ್ಕೇ ವಾಪಸ್ ಕೊಡುತ್ತಿದ್ದೆ. ಅದೂ ಅಲ್ಲದೆ, ಆ ನಾಲ್ಕು ರೌಂಡ್ ಗೆದ್ದರೆ ಒಂದೊಂದಕ್ಕೆ 1 ಗೋಲ್ಡ್, ಮೇಲೆ ಸ್ಟ್ರೀಕಿನದ್ದು. ಹೋದ ಒಂಬತ್ತರಲ್ಲಿ ಬಹುಪಾಲು ಹಾಗೇ ವಾಪಸ್ ಬರುತ್ತದೆ.

ಈ ಆಟದ ಜಾಣತನ ಇರುವುದೇ ಇಲ್ಲಿ ಅನ್ನಿಸುತ್ತದೆ ನನಗೆ. ಬಡ್ಡಿಯ ಲೆಕ್ಕ ಪರದೆಯ ಮೇಲೆ ಕಾಣುತ್ತದೆ, ಹತ್ತಕ್ಕೊಂದರಂತೆ ಗುರುತು ಹೊಳೆಯುತ್ತಿರುತ್ತದೆ. ಹೆಲ್ತಿನ ಲೆಕ್ಕವನ್ನು ಯಾರೂ ಹಾಕಿಕೊಡುವುದಿಲ್ಲ. ಆದರೆ ಅದೂ ಒಂದು ಖಾತೆ. ಅದರಲ್ಲಿ ಜಮೆ ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು, ಬರೀ ಖರ್ಚು. ಮೇಲಾಗಿ ಖರ್ಚಿನ ದರ ಸ್ಟೇಜಿನಿಂದ ಸ್ಟೇಜಿಗೆ ಏರುತ್ತದೆ. ಸ್ಟೇಜ್ 2ರ ಸೋಲು ಅಗ್ಗ. ಸ್ಟೇಜ್ 4ರದ್ದು ದುಬಾರಿ. ಸ್ಟೇಜ್ 5ರದ್ದು ಕೇಳಲೇಬೇಡಿ.

ಸೋಲುವುದಾದರೆ ಮೊದಲೇ ಸೋಲು ಅನ್ನುವುದು ಇದರಿಂದಲೇ ಹುಟ್ಟಿದ ತಂತ್ರ. ಲಾಸ್ ಸ್ಟ್ರೀಕ್ ಅನ್ನುತ್ತಾರೆ. ಸ್ಟೇಜ್ 2ರ ಐದು ಕಾದಾಟವನ್ನೂ ಬೇಕೆಂದೇ ಸೋತು ಸ್ಟ್ರೀಕ್ ಗೋಲ್ಡ್ ತೆಗೆದುಕೊಳ್ಳುವುದು. ಕರೌಸೆಲ್, ಅಂದರೆ ಸುತ್ತುತ್ತಿರುವ ಹೀರೋಗಳಲ್ಲಿ ಒಬ್ಬನನ್ನು ಐಟಂ ಸಮೇತ ಹಿಡಿದುಕೊಳ್ಳುವ ರೌಂಡ್, ಬಂದಾಗ ಕಡಿಮೆ ಹೆಲ್ತ್ ಇರುವವರನ್ನೇ ಮೊದಲು ಬಿಡುತ್ತಾರೆ, ಬೇಕಾದ ಐಟಂ ಆರಿಸಿಕೊಳ್ಳಬಹುದು. ಓದಲು ಸುಲಭ. ನಾನು ಮಾಡಿದಾಗ ಏನಾಯಿತು ಕೇಳಿ. 2-1, 2-2, 2-3 ಚೆನ್ನಾಗಿ ಸೋತೆ. 2-5 ಕೂಡ ಸೋತೆ. 2-6ರಲ್ಲಿ ನನ್ನ ಎದುರಿಗೆ ಬಂದವನೂ ಬೇಕೆಂದೇ ಸೋಲುತ್ತಿದ್ದ ಮನುಷ್ಯ! ಅವನ ಬೋರ್ಡಿನಲ್ಲಿ ಒಬ್ಬನೇ ನಿಂತಿದ್ದ. ನನ್ನ ಮೂರು ಬಡಪಾಯಿಗಳು ಅವನನ್ನು ಹೊಡೆದು ಹಾಕಿಬಿಟ್ಟರು. ಗೆದ್ದೆ. ಒಂದು ಗೋಲ್ಡ್ ಸಿಕ್ಕಿತು, ನಾಲ್ಕು ರೌಂಡಿನಿಂದ ಕಟ್ಟಿಕೊಂಡು ಬಂದ ಸ್ಟ್ರೀಕ್ ಮುರಿದು ಬಿತ್ತು. ಸೋಲೋದಕ್ಕೂ ಪೈಪೋಟಿ ಇರುತ್ತೆ ಅಂತ ಅವತ್ತು ಗೊತ್ತಾಯಿತು. ಈಗ ಸೋಲಲು ಹೊರಡುವ ಮೊದಲು ಉಳಿದ ಏಳು ಬೋರ್ಡ್ ಒಮ್ಮೆ ನೋಡುತ್ತೇನೆ. ಇಬ್ಬರು ಆಗಲೇ ಸೋಲಲು ಕೂತಿದ್ದರೆ ನಾನು ಆ ಸಾಲಿಗೆ ಸೇರುವುದಿಲ್ಲ.

ಮೊದಲೇ ಗೆಲ್ಲುವ ದಾರಿಯೂ ಉಳಿತಾಯವೇ ಅನ್ನುವುದು ನನಗೆ ತಡವಾಗಿ ಹೊಳೆಯಿತು. ಸ್ಟೇಜ್ 2ರ ಬಾಗಿಲಲ್ಲೇ 4 ಗೋಲ್ಡ್ ಕೊಟ್ಟು ಲೆವೆಲ್ ಏರಿಸಿದರೆ ಬೋರ್ಡಿನಲ್ಲಿ ಒಬ್ಬ ಜಾಸ್ತಿ. ಎರಡು ಜೋಡಿ ಎರಡು ಸ್ಟಾರ್ ಆಗಿದ್ದರೆ ಐದರಲ್ಲಿ ನಾಲ್ಕೋ ಐದೋ ಗೆಲ್ಲಬಹುದು. ಹೋದದ್ದು ಒಂದೆರಡು ಗೋಲ್ಡ್ ಬಡ್ಡಿ. ಬಂದದ್ದು ಗೆಲುವಿನ ಗೋಲ್ಡ್, ಸ್ಟ್ರೀಕಿನ ಗೋಲ್ಡ್, ಮತ್ತು ಹೆಚ್ಚುಕಡಿಮೆ ಮುಟ್ಟದೆ ಉಳಿದ 100 ಹೆಲ್ತ್. ಆ ಹೆಲ್ತ್ ಇದ್ದರೆ ಸ್ಟೇಜ್ 4ರಲ್ಲಿ ಎರಡು ಮೂರು ರೌಂಡ್ ಸೋತರೂ ಪರವಾಗಿಲ್ಲ ಅಂತ ಕೂತು, ನಿಧಾನಕ್ಕೆ ಮೇಲಿನ ಲೆವೆಲಿಗೆ ಹೋಗಬಹುದು. ಮೊದಲು ಆಕ್ರಮಣ ಮಾಡಿದವನಿಗೇ ಆಮೇಲೆ ಕಂಜೂಸ್‌ತನ ಮಾಡುವ ಸ್ವಾತಂತ್ರ್ಯ! ವಿಚಿತ್ರ ಅಲ್ವಾ?

ಹಾಗಾದರೆ ಕೆಟ್ಟದ್ದು ಯಾವುದು? ನಾನು ಮೊದಲ ಆಟದಲ್ಲಿ ಮಾಡಿದ್ದೇ. ಒಂದು ಸೋಲು, ಒಂದು ಗೆಲುವು, ಮತ್ತೆ ಸೋಲು. ಸ್ಟ್ರೀಕ್ ಯಾವ ಕಡೆಗೂ ಇಲ್ಲ. ಹೆಲ್ತೂ ಹೋಯಿತು, ಗೋಲ್ಡೂ ಬರಲಿಲ್ಲ, ಕರೌಸೆಲ್‌ನಲ್ಲಿ ನಡುವಿನ ಸ್ಥಾನ. ಎರಡು ದೋಣಿಯಲ್ಲಿ ಕಾಲಿಟ್ಟು ನಿಂತದ್ದಕ್ಕೆ ಸಿಕ್ಕಿದ್ದು ಅಷ್ಟೇ.

ಐಟಂಗಳ ವಿಷಯದಲ್ಲಿ ನನ್ನ ಜಿಪುಣತನ ಇನ್ನೂ ಹೆಚ್ಚಿತ್ತು. ಎರಡು ಬಿಡಿಭಾಗ ಸೇರಿ ಒಂದು ಪೂರ್ತಿ ಐಟಂ ಆಗುತ್ತದೆ. ಬಿ.ಎಫ್. ಸ್ವೋರ್ಡ್ ಮತ್ತು ಗ್ಲವ್ ಸೇರಿದರೆ ಇನ್ಫಿನಿಟಿ ಎಡ್ಜ್. ಸ್ವೋರ್ಡ್ ಇದೆ, ಗ್ಲವ್ ಬರಲಿ ಅಂತ ಸ್ಟೇಜ್ 4ರವರೆಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಚೈನ್ ವೆಸ್ಟ್, ಜಯಂಟ್ಸ್ ಬೆಲ್ಟ್ ಧೂಳು ಹಿಡಿಯುತ್ತಿದ್ದವು. ಅವೆರಡೂ ಸೇರಿದರೆ ಸನ್‌ಫೈರ್ ಕೇಪ್, ಆಟದ ಮೊದಲ ಭಾಗಕ್ಕೆ ಹೇಳಿ ಮಾಡಿಸಿದ ಐಟಂ. ಮುಂದೆ ನಿಂತವನ ಮೈಗೆ ಹಾಕಿದರೆ ಸುತ್ತಲಿನವರನ್ನು ಸುಡುತ್ತಾ ಇರುತ್ತದೆ. ಮಗ ಅದನ್ನು ತಕ್ಷಣ ಮಾಡಿ ಹಾಕುತ್ತಾನೆ, ಸ್ಲ್ಯಾಮ್ ಅನ್ನುತ್ತಾನೆ ಅದಕ್ಕೆ. ನಾನು "ಇರಲಿ, ಇನ್ನೂ ಒಳ್ಳೆಯದು ಬರಬಹುದು" ಅನ್ನುತ್ತಿದ್ದೆ. ಒಂದು ದಿನ ಸರಳವಾದ ಸತ್ಯ ಕಣ್ಣಿಗೆ ಬಿತ್ತು. ಬೆಂಚಿನ (ಬೋರ್ಡಿಗೆ ಇಳಿಸದ ಹೀರೋಗಳು ಕೂರುವ ಸಾಲು) ಪಕ್ಕ ಇಟ್ಟ ಐಟಂಗೆ ಬಡ್ಡಿ ಬರೋದಿಲ್ಲ. ಗೋಲ್ಡ್ ಇಟ್ಟರೆ ಬೆಳೆಯುತ್ತದೆ, ಐಟಂ ಇಟ್ಟರೆ ಸುಮ್ನೆ ಕೂತಿರುತ್ತದೆ. ಅವತ್ತಿನಿಂದ ಕೈಗೆ ಬಂದದ್ದನ್ನು ಹಾಕಿಬಿಡುತ್ತೇನೆ. ಒಂದು ಗೋಲ್ಡೂ ಖರ್ಚಿಲ್ಲದೆ ಸಿಗುವ ಆಕ್ರಮಣ ಇದೊಂದೇ. ನನ್ನ ಸರಾಸರಿ ಸ್ಥಾನ ಎಲ್ಲಕ್ಕಿಂತ ಜಾಸ್ತಿ ಮೇಲೇರಿದ್ದು ಇದರಿಂದಲೇ ಅಂತ ನನ್ನ ನಂಬಿಕೆ.

ಹಾಗಂತ 30 ಗೋಲ್ಡ್ ಯಾವಾಗ ಬೇಕಾದರೂ ಸುರಿಯಬಹುದು ಅಂತಲ್ಲ. ಸುರಿದೂ ಸೋತರೆ ಎರಡೂ ಖಾತೆ ಖಾಲಿ. ನಾನು ಈಗ ನೋಡುವುದು ಬೆಂಚಿನ ಜೋಡಿಗಳನ್ನು. ಒಂದೇ ಹೀರೋ ಎರಡೆರಡು ಇರುವ ಜೋಡಿ ಮೂರು ಇದ್ದರೆ ರೋಲ್ ಮಾಡುತ್ತೇನೆ. ಯಾವುದಾದರೂ ಒಂದು ಬಂದರೂ ಬೋರ್ಡ್ ಗಟ್ಟಿಯಾಗುತ್ತದೆ. ಜೋಡಿಯೇ ಇಲ್ಲದಿದ್ದರೆ ಮುಟ್ಟುವುದಿಲ್ಲ, ಬಡ್ಡಿಯೇ ವಾಸಿ. ಹೀರೋಗಳು ಎಂಟೂ ಜನಕ್ಕೆ ಸೇರಿ ಒಂದೇ ಗುಡ್ಡೆಯಿಂದ ಬರುತ್ತಾರೆ ಅನ್ನುವುದನ್ನೂ ಮರೆಯಬಾರದು. ನನಗೆ ಬೇಕಾದವನನ್ನೇ ಇನ್ನಿಬ್ಬರು ಗುಡ್ಡೆ ಹಾಕಿಕೊಂಡಿದ್ದರೆ ನಾನು ಎಷ್ಟು ರೋಲ್ ಮಾಡಿದರೂ ಅಷ್ಟಕ್ಕಷ್ಟೇ.

ಆಗ್ಮೆಂಟ್ ಬಂದ ಮೇಲೆ ಈ ಲೆಕ್ಕ ಇನ್ನಷ್ಟು ಬಿಸಿಯಾಗಿದೆ. 2021ರ ನವೆಂಬರ್‌ನಲ್ಲಿ ಬಂದ ಆರನೇ ಸೆಟ್‌ನಿಂದ (ಸೆಟ್ ಅಂದರೆ ಹೀರೋಗಳ ಒಂದು ಹೊಸ ತಂಡ) ಇವು ಆಟಕ್ಕೆ ಸೇರಿದವು. ಒಂದು ಆಟದಲ್ಲಿ ಮೂರು ಸಲ ಮೂರು ಆಯ್ಕೆ ಮುಂದಿಡುತ್ತಾರೆ, ಒಂದನ್ನು ಆರಿಸಬೇಕು. ಕೆಲವು ಗೋಲ್ಡ್ ಕೊಡುತ್ತವೆ, ಕೆಲವು ಕಾದಾಟದಲ್ಲಿ ಬಲ ಕೊಡುತ್ತವೆ. ಬಡ್ಡಿಯ ಮಿತಿಯನ್ನೇ 7ಕ್ಕೆ ಏರಿಸುವ ಒಂದು ಆಗ್ಮೆಂಟ್ ಹಿಂದಿನ ಸೆಟ್‌ಗಳಲ್ಲಿ ಇತ್ತು. ಅದು ಸಿಕ್ಕಿದ ದಿನ ನನ್ನ ಮುಖ ನೋಡಿ ಮಗ ನಕ್ಕದ್ದು ಈಗಲೂ ನೆನಪಿದೆ. ಆರನೇ ಸ್ಥಾನ ಬಂತು, ಅದು ಬೇರೆ ವಿಷಯ.

ಇದೇ ಜಾತಿಯ ಬೇರೆ ಎರಡು ಆಟವನ್ನೂ ಆಡಿದೆ. ಹಾರ್ತ್‌ಸ್ಟೋನ್ ಬ್ಯಾಟಲ್‌ಗ್ರೌಂಡ್ಸ್‌ನಲ್ಲಿ ಬಡ್ಡಿ ಇಲ್ಲ. ಮೊದಲ ಸರದಿಗೆ 3 ಗೋಲ್ಡ್, ಪ್ರತಿ ಸರದಿಗೆ ಒಂದೊಂದು ಏರಿ 10ಕ್ಕೆ ನಿಲ್ಲುತ್ತದೆ. ಉಳಿಸಿದರೆ ಮುಂದಿನ ಸರದಿಗೆ ಬರುವುದಿಲ್ಲ, ಹೋಯಿತು ಅಷ್ಟೇ. ನನಗೆ ಕೈಕಾಲು ಕಟ್ಟಿ ಹಾಕಿದಂತಾಯಿತು! ಆದರೆ ಅಲ್ಲೂ ಅದೇ ಪ್ರಶ್ನೆ ಬೇರೆ ವೇಷದಲ್ಲಿದೆ. ಟ್ಯಾವರ್ನ್, ಅಂದರೆ ಸೈನಿಕರನ್ನು ಕೊಳ್ಳುವ ಅಂಗಡಿ, ಅದರ ಮಟ್ಟ ಮೇಲೇರಿಸಲು ಈಗಲೇ ಗೋಲ್ಡ್ ಕೊಡಬೇಕೋ, ಅದೇ ಗೋಲ್ಡಿಗೆ ಒಬ್ಬ ಸೈನಿಕನನ್ನು ಕೊಂಡು ಈ ಸರದಿ ಗೆಲ್ಲಬೇಕೋ? ಕಾದರೆ ಮೇಲೇರಿಸುವ ಬೆಲೆ ಸರದಿಗೆ ಒಂದರಂತೆ ಇಳಿಯುತ್ತದೆ. ಅಂದರೆ ಕಾಯುವುದಕ್ಕೆ ರಿಯಾಯಿತಿ ಇದೆ. ಇದು ಒಂಥರಾ ಬಡ್ಡಿಯೇ ಅಂತ ನಾನು ವಾದ ಮಾಡುತ್ತೇನೆ, ಮಗ ಒಪ್ಪುವುದಿಲ್ಲ.

ಸೂಪರ್ ಆಟೋ ಪೆಟ್ಸ್ ಇನ್ನೂ ಸರಳ. ಪ್ರತಿ ಸರದಿಗೆ 10 ಗೋಲ್ಡ್, ಪ್ರಾಣಿಗೆ 3, ರೋಲಿಗೆ 1. ಮುದ್ದಾಗಿದೆ. ಎದುರಾಳಿಗಾಗಿ ಕಾಯಬೇಕಿಲ್ಲ, ನಡುವೆ ಬಿಟ್ಟು ಎದ್ದು ಹೋಗಿ ಬಂದು ಆಡಬಹುದು. ಕಲಿಯುವವರು ಇಲ್ಲಿಂದ ಶುರು ಮಾಡಲಿ.

ಟೀಮ್‌ಫೈಟ್ ಟ್ಯಾಕ್ಟಿಕ್ಸ್ ಹಾಗಲ್ಲ. ಒಂದು ಆಟ ಕೊನೆಯವರೆಗೂ ಹೋದರೆ ಅರ್ಧ ಗಂಟೆ ಮೀರುತ್ತದೆ, ನಡುವೆ ನಿಲ್ಲಿಸುವ ಹಾಗಿಲ್ಲ. ಕೆಲವು ತಿಂಗಳಿಗೊಮ್ಮೆ ಸೆಟ್ ಬದಲಾಗುತ್ತದೆ, ಕಲಿತ ಹೀರೋಗಳೆಲ್ಲ ಎದ್ದು ಹೋಗಿ ಹೊಸಬರು ಬರುತ್ತಾರೆ. ಹೀರೋಗಳ ಹೆಸರು ಬಾಯಿಪಾಠ ಮಾಡಿ ಆಡುವವರಿಗೆ ಇದು ತಲೆನೋವು. ನನಗೆ ಅಷ್ಟಾಗಿ ತಟ್ಟಲಿಲ್ಲ. ಸಂಬಳ, ಬಡ್ಡಿ, ಸ್ಟ್ರೀಕಿನ ಚೌಕಟ್ಟು ಹಾಗೇ ಉಳಿಯುತ್ತದಲ್ಲ, ನಾನು ಅದನ್ನು ಹಿಡಿದುಕೊಂಡೇ ಹೊಸ ಸೆಟ್‌ಗೆ ಇಳಿಯುತ್ತೇನೆ. ಆಟ ಉಚಿತ. ದುಡ್ಡು ಕೊಟ್ಟು ಕೊಳ್ಳುವುದೆಲ್ಲ ಅಲಂಕಾರ. ಪುಟ್ಟ ಪ್ರಾಣಿ, ಬಣ್ಣದ ಅಂಗಳ, ಇಂಥವು. ಅವುಗಳಿಂದ ಕಾದಾಟದಲ್ಲಿ ಲಾಭವಿಲ್ಲ. ನಾನು ಏನೂ ಕೊಂಡಿಲ್ಲ ಅಂತ ಬೇರೆ ಹೇಳಬೇಕಿಲ್ಲ ತಾನೇ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಅದೃಷ್ಟಕ್ಕೆ. ಎಷ್ಟೇ ಲೆಕ್ಕ ಹಾಕಿದರೂ ಬೇಕಾದ ಮೂರನೆಯವನು ಬಾರದ ದಿನ ಬಾರದು. ನನ್ನ ಕೆಲಸದಲ್ಲಿ ಕೂಡಿಸಿದರೆ ಮೊತ್ತ ಬಂದೇ ಬರುತ್ತದೆ. ಅದೇ ಅಭ್ಯಾಸ.

ಈಚೆಗೆ ನಾನು, ಮಗ ಸೇರಿ ಡಬಲ್ ಅಪ್ ಆಡುತ್ತೇವೆ. ಇಬ್ಬರು ಸೇರಿ ಒಂದು ಜೋಡಿ, ಹೆಲ್ತ್ ಇಬ್ಬರಿಗೂ ಒಂದೇ. ಮೊದಲು ಗೆದ್ದವರ ಸೈನ್ಯ ಇನ್ನೊಬ್ಬರ ಬೋರ್ಡಿಗೆ ನೆರವಿಗೆ ಓಡುತ್ತದೆ. ಅವನು ಸ್ಟೇಜ್ 2ರಿಂದಲೇ ಬಡಿಯುತ್ತಾನೆ, ಅವನ ಗೆಲುವಿನ ನೆರಳಲ್ಲಿ ನಾನು ಗಂಟು ಕಟ್ಟುತ್ತೇನೆ. ಮೊನ್ನೆ 4-2ರಲ್ಲಿ ನನ್ನ ಹತ್ತಿರ 61 ಇತ್ತು. "ಅಮ್ಮ, ಈಗ" ಅಂದ. "ಇನ್ನೊಂದು ರೌಂಡ್ ಕಣೋ" ಅಂದೆ. "ಅಮ್ಮ!" ಅಂದ. ಬೆಂಚಿನಲ್ಲಿ ಮೂರು ಜೋಡಿ ಇತ್ತು. ರೋಲ್ ಒತ್ತಿದೆ. ನಿಲ್ಲಿಸಿದಾಗ 3 ಗೋಲ್ಡ್ ಉಳಿದಿತ್ತು, ಎರಡು ಜೋಡಿ ಕೂಡಿತ್ತು, ಮೂರನೆಯದು ಬರಲಿಲ್ಲ. ಎರಡನೇ ಸ್ಥಾನದಲ್ಲಿ ಮುಗಿಸಿದೆವು. ಆ ಒಂದು ರೌಂಡ್ ಕಾಯ್ದಿದ್ದರೆ ಮೂರನೆಯದೂ ಬರುತ್ತಿತ್ತು ಅಂತ ನಾನು, ಒಂದು ರೌಂಡ್ ಮೊದಲೇ ಒತ್ತಿದ್ದರೆ ಗೆಲ್ಲುತ್ತಿದ್ದೆವು ಅಂತ ಅವನು. ಈ ಜಗಳ ಇನ್ನೂ ಮುಗಿದಿಲ್ಲ.